ಮೊಬೈಲ್ ಸಂದೇಶವೂ ವ್ಯಾಪಾರದ ದಾಖಲೆಯೇ

ವಾಣಿಜ್ಯ ಪದವಿ ತರಗತಿಗಳಲ್ಲಿ ವ್ಯಾಪಾರಿ ಪತ್ರವ್ಯವಹಾರವೆಂಬ ಪಾಠವಿದ್ದುದು ನಮ್ಮ ಸದಸ್ಯರಲ್ಲಿ ಅನೇಕರಿಗೆ ನೆನಪಿರಬಹುದು. ವಿಚಾರಣೆಯ ಪತ್ರ, ದರ ತಿಳಿಸುವ ಪತ್ರ, ಆದೇಶ ಪತ್ರ, ಸರಕಿನ ದೋಷವನ್ನು ಕುರಿತ ದೂರಿನ ಪತ್ರ, ಬಾಕಿಗಾಗಿ ಬರೆಯುವ ಮೊದಲನೆಯ, ಎರಡನೆಯ ಹಾಗೂ ಮೂರನೆಯ ನೆನಪೋಲೆ, ಹೀಗೆ ಒಂದೊಂದಕ್ಕೂ ಒಂದು ನಮೂನೆ, ಒಂದು ಮರ್ಯಾದೆ ಇತ್ತು. ಪತ್ರದ ಕಾರ್ಬನ್ ಪ್ರತಿ ಕಡತ ಸೇರುತ್ತಿತ್ತು. ಆವಕ-ಜಾವಕ ವಹಿಯಲ್ಲಿ ಅದಕ್ಕೊಂದು ಕ್ರಮಸಂಖ್ಯೆ ಬೀಳುತ್ತಿತ್ತು. ತುರ್ತಾದ ಮಾತಿಗೆ ಟ್ರಂಕ್ ಕಾಲ್ ಇತ್ತು. ಬರೆಯುವಾಗ ವರ್ತಕನಿಗೆ ತಾನು ಬರೆಯುತ್ತಿದ್ದೇನೆ ಎಂಬ ಅರಿವಿರುತ್ತಿತ್ತು. ಮಾತನಾಡುವಾಗ ಮಾತನಾಡುತ್ತಿದ್ದೇನೆ ಎಂಬ ಅರಿವಿರುತ್ತಿತ್ತು.

ಇಂದು ಯಶವಂತಪುರದ ಮಂಡಿಯಿಂದ ಹಿಡಿದು ಪೀಣ್ಯದ ಲೇತ್ ಶೆಡ್ಡಿನವರೆಗೆ, ಹುಬ್ಬಳ್ಳಿಯ ಸಗಟು ಅಂಗಡಿಯಿಂದ ಬೆಳಗಾವಿಯ ಫೌಂಡ್ರಿಯವರೆಗೆ ಆದೇಶಗಳು, ದರಗಳು, ಡ್ರಾಯಿಂಗ್‌ಗಳು, ಲಾರಿ ರಸೀದಿಗಳು, ಬಾಕಿಯ ತಗಾದೆಗಳು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿವೆ. ಇದರಿಂದ ಸಮಯ ಉಳಿದಿದೆ, ಖರ್ಚು ಇಳಿದಿದೆ, ಚಿಕ್ಕ ಘಟಕವೊಂದು ದೂರದ ಖರೀದಿದಾರನೊಡನೆ ಮಧ್ಯವರ್ತಿಯಿಲ್ಲದೆ ನೇರವಾಗಿ ಮಾತನಾಡುವಂತಾಗಿದೆ. ಈ ಲಾಭಗಳನ್ನು ಕುರಿತು ಸಾಕಷ್ಟು ಬರೆಯಲಾಗಿರುವುದರಿಂದ ಅವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಕಡಿಮೆ ಚರ್ಚೆಗೊಳಗಾದ ಬದಲಾವಣೆ ಬೇರೊಂದಿದೆ. ಮೊಬೈಲಿನಲ್ಲಿ ಬೆರಳಾಡಿಸುವ ವರ್ತಕನು ತಾನು ಮಾತನಾಡುತ್ತಿದ್ದೇನೆ ಎಂದೇ ಭಾವಿಸುತ್ತಾನೆ. ಕಾನೂನು ಮಾತ್ರ ಅದನ್ನು ಬರಹವೆಂದು ಗಣಿಸುತ್ತದೆ. ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಅಂಬಾಲಾಲ್ ಸಾರಾಭಾಯಿ ಎಂಟರ್‌ಪ್ರೈಸಸ್ ಪ್ರಕರಣದಲ್ಲಿ ವಾಟ್ಸ್‌ಆ್ಯಪ್ ಸಂದೇಶಗಳನ್ನು ಒಂದು ಬಗೆಯ ಮೌಖಿಕ ಸಂಭಾಷಣೆ ಎಂದು ಬಣ್ಣಿಸಿತು. ಅವುಗಳ ಅರ್ಥವನ್ನೂ ಒಳಗಿನ ವಿಷಯವನ್ನೂ ವಿಚಾರಣೆಯಲ್ಲಿ ಸಾಕ್ಷ್ಯದ ಮೂಲಕ ರುಜುವಾತುಪಡಿಸಬೇಕು ಎಂದೂ ಹೇಳಿತು. ಮಾತಿನಂತಿರುವ ಬರಹ, ಬರಹದಂತೆ ಉಳಿಯುವ ಮಾತು: ಇಂದಿನ ವ್ಯಾಪಾರದ ಅನೇಕ ವಿವಾದಗಳು ಈ ಇಬ್ಬಗೆಯಿಂದಲೇ ಹುಟ್ಟುತ್ತಿವೆ.

ಹಿಂಡಿಯ ವ್ಯಾಪಾರದಿಂದ ಬಾಕ್ಸೈಟಿನವರೆಗೆ

ಹೊಸ ಸಾಧನ ಬಂದಾಗಲೆಲ್ಲ ಹಳೆಯ ಕಾಯ್ದೆ ಅದನ್ನು ತನ್ನ ತೆಕ್ಕೆಗೆ ತೆಗೆದುಕೊಂಡಿದೆ. ಭಾರತೀಯ ಕರಾರು ಕಾಯ್ದೆ 1872ನೆಯ ಇಸವಿಯದು. 1959ರ ಜುಲೈನಲ್ಲಿ ಅಹಮದಾಬಾದಿನ ಒಂದು ಪೇಢಿಯು ಖಾಮಗಾಂವಿನ ಎಣ್ಣೆ ಗಿರಣಿಯಿಂದ ಹತ್ತಿಕಾಳಿನ ಹಿಂಡಿಯನ್ನು ಕೊಳ್ಳಲು ದೂರವಾಣಿಯಲ್ಲಿ ಮಾತನಾಡಿ ಒಪ್ಪಂದ ಮಾಡಿಕೊಂಡಿತು. ಸರಕು ಬರಲಿಲ್ಲವೆಂದು ಅಹಮದಾಬಾದಿನಲ್ಲಿ ದಾವೆ ಹೂಡಲಾಯಿತು. ಒಪ್ಪಂದ ಎಲ್ಲಿ ಆಯಿತು ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಒಪ್ಪಿಗೆಯ ಮಾತು ಎಲ್ಲಿ ಕೇಳಿಸಿತೋ ಅಲ್ಲಿಯೇ ಒಪ್ಪಂದವಾಯಿತು ಎಂದು 1965ರಲ್ಲಿ ಬಹುಮತದ ತೀರ್ಪು ಬಂದಿತು. ನ್ಯಾಯಮೂರ್ತಿ ಹಿದಾಯತುಲ್ಲಾ ಅವರು ಭಿನ್ನಮತ ಬರೆದರು. ಭಗವಾನ್‌ದಾಸ್ ಕೇಡಿಯಾ ಪ್ರಕರಣವೆಂದು ವಾಣಿಜ್ಯ ವಿದ್ಯಾರ್ಥಿಗಳು ಇಂದಿಗೂ ಓದುವುದು ಇದನ್ನೇ.

ಇ-ಮೇಲ್ ಬಂದ ಮೇಲೆ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000 ಬಂದಿತು. ಅದರ ಕಲಂ 4ರ ಪ್ರಕಾರ, ಮುಂದೆ ತೆಗೆದು ನೋಡಲು ಲಭ್ಯವಿರುವ ವಿದ್ಯುನ್ಮಾನ ರೂಪದ ಬರಹವು, ಕಾನೂನು ಕೇಳುವ ‘ಲಿಖಿತ’ ಎಂಬ ಷರತ್ತನ್ನು ಪೂರೈಸುತ್ತದೆ. ವಿದ್ಯುನ್ಮಾನ ವಿಧಾನದಲ್ಲಿ ಆದ ಒಪ್ಪಂದವನ್ನು ಆ ಒಂದೇ ಕಾರಣಕ್ಕೆ ಅಸಿಂಧುವೆನ್ನಲಾಗದು ಎಂಬ ಕಲಂ 10ಎ ತಿದ್ದುಪಡಿಯ ಮೂಲಕ ಸೇರಿ 2009ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದಿತು. ಐದು ಹಡಗು ಬಾಕ್ಸೈಟ್ ಅದಿರಿನ ಪೂರೈಕೆಗೆ ಸಂಬಂಧಿಸಿದ ಟ್ರೈಮೆಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಇನ್ನೂ ಸ್ಪಷ್ಟವಾಗಿ ನುಡಿಯಿತು: ಮುಖ್ಯ ಷರತ್ತುಗಳಿಗೆಲ್ಲ ಇ-ಮೇಲ್‌ನಲ್ಲಿ ಒಪ್ಪಿಗೆ ಬಿದ್ದ ಮೇಲೆ, ವಿಧ್ಯುಕ್ತ ಕರಾರುಪತ್ರಕ್ಕೆ ಸಹಿ ಬಿದ್ದಿಲ್ಲವೆಂಬ ಮಾತ್ರಕ್ಕೆ ಒಪ್ಪಂದವಾಗಿಲ್ಲ ಎನ್ನಲಾಗದು. ‘ಕಾಗದಕ್ಕೆ ನಾನಿನ್ನೂ ಸಹಿ ಹಾಕಿಲ್ಲವಲ್ಲ’ ಎಂದು ನೆಮ್ಮದಿಯಿಂದಿರುವ ವರ್ತಕ ಬಂಧುಗಳು ಈ ತೀರ್ಪನ್ನು ಅಗತ್ಯವಾಗಿ ಗಮನಿಸಬೇಕು.

ಒಪ್ಪಿಗೆ ಯಾವುದು, ಬರಿಯ ಉತ್ತರ ಯಾವುದು?

ಪ್ರತಿದಿನ ಬೆಳಿಗ್ಗೆ ನೂರಾರು ಗ್ರಾಹಕರಿಗೆ ಒಟ್ಟಿಗೆ ದರಪಟ್ಟಿ ಕಳುಹಿಸುವ ಪದ್ಧತಿ ಸಗಟು ವ್ಯಾಪಾರದಲ್ಲಿ ಸಾಮಾನ್ಯವಾಗಿದೆ. ಇದನ್ನು ನೋಡಿ ಒಬ್ಬ ಗ್ರಾಹಕನು ‘ಐವತ್ತು ಚೀಲ ಕಳುಹಿಸಿ’ ಎಂದೊಡನೆ ಮಾರಾಟಗಾರ ಬದ್ಧನಾದನೇ? ಇದಕ್ಕೆ ಉತ್ತರ ತಂತಿಯ ಕಾಲದಲ್ಲೇ ಸಿಕ್ಕಿದೆ. ಜಮೈಕಾದ ಒಂದು ಸ್ವತ್ತಿನ ಕನಿಷ್ಠ ಬೆಲೆ ಎಷ್ಟೆಂದು ತಂತಿಯ ಮೂಲಕ ಕೇಳಿದಾಗ, 900 ಪೌಂಡ್ ಎಂದು ಮರುತಂತಿ ಬಂದಿತ್ತು. ಬೆಲೆ ಹೇಳಿದ ಮಾತ್ರಕ್ಕೆ ಮಾರಲು ಒಪ್ಪಿದಂತಾಗದು ಎಂದು 1893ರಲ್ಲಿ ಪ್ರಿವಿ ಕೌನ್ಸಿಲ್ ಹಾರ್ವೆ ವಿರುದ್ಧ ಫೇಸಿ ಪ್ರಕರಣದಲ್ಲಿ ತೀರ್ಮಾನಿಸಿತು. ಹಾಗಾಗಿ ಸಾಮಾನ್ಯ ದರಪಟ್ಟಿ ಕೇವಲ ಆಹ್ವಾನ. ಆದರೆ ಅದೇ ವರ್ತಕನು ಒಬ್ಬ ನಿರ್ದಿಷ್ಟ ಗ್ರಾಹಕನಿಗೆ ‘ಐವತ್ತು ಚೀಲ, ಈ ದರ, ಶನಿವಾರದೊಳಗೆ ಹೇಳಿ’ ಎಂದು ಬರೆದರೆ ಅದು ಪ್ರಸ್ತಾಪವೇ ಆಗುತ್ತದೆ. ಒಂದೇ ಪರದೆಯ ಮೇಲೆ, ಒಂದೇ ಅಕ್ಷರದಲ್ಲಿ ಇವೆರಡೂ ಕಾಣಿಸಿಕೊಳ್ಳುವುದರಿಂದ ವ್ಯತ್ಯಾಸ ಮರೆತುಹೋಗುತ್ತದೆ. ದರಪಟ್ಟಿಯ ಕೆಳಗೆ ‘ದಾಸ್ತಾನಿಗೆ ಹಾಗೂ ನಮ್ಮ ದೃಢೀಕರಣಕ್ಕೆ ಒಳಪಟ್ಟಿದೆ’ ಎಂಬ ಒಂದು ಸಾಲು ಸೇರಿಸಲು ಖರ್ಚೇನೂ ಇಲ್ಲ.

ಒಪ್ಪಿಗೆಯ ವಿಷಯದಲ್ಲಿ ಕೆನಡಾ ದೇಶದ ಒಂದು ಪ್ರಕರಣ ನಮ್ಮ ಮಂಡಿ ವರ್ತಕರಿಗೆ ಆಸಕ್ತಿದಾಯಕವಾಗಿದೆ. ಅಲ್ಲಿನ ಸಸ್ಕಾಚೆವಾನ್ ಪ್ರಾಂತದ ಧಾನ್ಯ ಖರೀದಿ ಸಂಸ್ಥೆಯೊಂದು 2021ರ ಮಾರ್ಚ್‌ನಲ್ಲಿ ಸುಮಾರು 86 ಟನ್ ಅಗಸೆಬೀಜದ ಕರಾರಿಗೆ ಸಹಿ ಹಾಕಿ, ಅದರ ಛಾಯಾಚಿತ್ರವನ್ನು ರೈತ ಸಂಸ್ಥೆಯ ಮೊಬೈಲಿಗೆ ಕಳುಹಿಸಿ, ದೃಢಪಡಿಸುವಂತೆ ಕೋರಿತು. ಉತ್ತರವಾಗಿ ಬಂದದ್ದು ಮೇಲೆತ್ತಿದ ಹೆಬ್ಬೆರಳಿನ ಚಿತ್ರ ಮಾತ್ರ. ನವೆಂಬರ್ ವೇಳೆಗೆ ಬೆಲೆ ಏರಿತ್ತು, ಮಾಲು ಬರಲಿಲ್ಲ. ಕರಾರು ತಲುಪಿತು ಎಂಬುದಷ್ಟೇ ಹೆಬ್ಬೆರಳಿನ ಅರ್ಥ, ಒಪ್ಪಿದೆ ಎಂದಲ್ಲ ಎಂಬುದು ರೈತನ ವಾದ. ನ್ಯಾಯಾಲಯವು ಇಬ್ಬರ ನಡುವಿನ ಹಿಂದಿನ ವ್ಯವಹಾರಗಳನ್ನು ಪರಿಶೀಲಿಸಿತು. ಇಂತಹ ಚುಟುಕು ಉತ್ತರಗಳ ಆಧಾರದ ಮೇಲೆಯೇ ಹಿಂದೆ ಹಲವು ಬಾರಿ ಮಾಲು ಪೂರೈಕೆಯಾಗಿತ್ತು. ಆದ್ದರಿಂದ ಹೆಬ್ಬೆರಳೂ ಸಹಿಯೇ ಎಂದು 2023ರಲ್ಲಿ ತೀರ್ಪು ನೀಡಿ, 82,200 ಕೆನಡಾ ಡಾಲರುಗಳಷ್ಟು ಪರಿಹಾರ ವಿಧಿಸಿತು. 2024ರ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು.

ಈ ತೀರ್ಪು ನಮ್ಮ ನ್ಯಾಯಾಲಯಗಳನ್ನು ಬಂಧಿಸುವುದಿಲ್ಲ, ನಿಜ. ಆದರೆ ಅದರ ಹಿಂದಿರುವ ತರ್ಕ ನಮಗೆ ಹೊಸದಲ್ಲ. ಇಬ್ಬರು ವರ್ತಕರ ನಡುವೆ ನಡೆದುಬಂದ ರೂಢಿಯೇ ಅವರ ಮಾತಿಗೆ ಅರ್ಥ ಕೊಡುತ್ತದೆ. ಇಪ್ಪತ್ತು ಬಾರಿ ‘ಓಕೆ ಸರ್’ ಎಂದು ಉತ್ತರಿಸಿ ಇಪ್ಪತ್ತು ಬಾರಿಯೂ ಮಾಲು ಕಳುಹಿಸಿದವನು, ಇಪ್ಪತ್ತೊಂದನೆಯ ಬಾರಿ ‘ನೋಡಿದೆ ಎಂದಷ್ಟೇ ಹೇಳಿದ್ದು’ ಎಂದರೆ ನಂಬುವವರು ಕಡಿಮೆ. ಈ ‘ಓಕೆ ಸರ್’ ಎಂಬುದರ ಬಗ್ಗೆ ನನಗೆ ವೈಯಕ್ತಿಕವಾಗಿಯೂ ಆಕ್ಷೇಪವಿದೆ. ದರಕ್ಕೆ ಓಕೆಯೋ, ಪರಿಮಾಣಕ್ಕೋ, ದಿನಾಂಕಕ್ಕೋ, ಅಥವಾ ಕೇವಲ ಸೌಜನ್ಯಕ್ಕೋ ಎಂಬುದು ವಿವಾದದ ದಿನ ಯಾರಿಗೂ ತಿಳಿಯುವುದಿಲ್ಲ. ಧ್ವನಿ ಸಂದೇಶಗಳು ಇದಕ್ಕಿಂತಲೂ ತೊಡಕಿನವು: ಹುಡುಕಿದರೆ ಸಿಗುವುದಿಲ್ಲ, ಒಂದು ಅಂಕಿಗಾಗಿ ಇಡೀ ಸಂಭಾಷಣೆಯನ್ನು ಕೇಳಬೇಕಾಗುತ್ತದೆ.

ಜಾಬ್ ವರ್ಕ್ ಮಾಡುವ ಘಟಕಗಳಲ್ಲಿ ಈ ಅಸ್ಪಷ್ಟತೆಯ ಬೆಲೆ ಇನ್ನೂ ಹೆಚ್ಚು. ಒಂದು ಘಟಕಕ್ಕೆ 400 ಬಿಡಿಭಾಗಗಳ ಆದೇಶ ಬಂದಿದೆ ಎಂದಿಟ್ಟುಕೊಳ್ಳೋಣ. ಮೊದಲ ಡ್ರಾಯಿಂಗ್ ಇ-ಮೇಲ್‌ನಲ್ಲಿ ಬಂದಿರುತ್ತದೆ. ರಾತ್ರಿ ಹತ್ತು ಗಂಟೆಗೆ ಖರೀದಿ ವಿಭಾಗದವರು ತಿದ್ದಿದ ಡ್ರಾಯಿಂಗಿನ ಫೋಟೋವೊಂದನ್ನು ಘಟಕದ ಸೂಪರ್‌ವೈಸರ್‌ನ ಸ್ವಂತ ಮೊಬೈಲಿಗೆ ಕಳುಹಿಸುತ್ತಾರೆ. ಆತ ಅದರಂತೆ ಮಾಲು ತಯಾರಿಸುತ್ತಾನೆ. ಖರೀದಿದಾರನ ತಪಾಸಣಾ ವಿಭಾಗವು ಮೊದಲ ಡ್ರಾಯಿಂಗನ್ನು ಮುಂದಿಟ್ಟುಕೊಂಡು ಇಡೀ ಲಾಟನ್ನು ತಿರಸ್ಕರಿಸುತ್ತದೆ. ಅಷ್ಟರಲ್ಲಿ ಸೂಪರ್‌ವೈಸರ್ ಕೆಲಸ ಬಿಟ್ಟು ಹೋಗಿರುತ್ತಾನೆ. ಫೋಟೋ ಅವನ ಜೇಬಿನಲ್ಲೇ ಹೋಗಿರುತ್ತದೆ. ಘಟಕದ ಮಾಲೀಕನ ಕೈಯಲ್ಲಿ ಉಳಿಯುವುದು 400 ತುಂಡು ಕಬ್ಬಿಣ ಮಾತ್ರ. ತಿದ್ದಿದ ಡ್ರಾಯಿಂಗ್ ಬಂದ ಕೂಡಲೇ ಅದನ್ನು ಸಂಸ್ಥೆಯ ಇ-ಮೇಲ್‌ನಿಂದ ಖರೀದಿದಾರನಿಗೇ ಮರಳಿ ಕಳುಹಿಸಿ, ‘ಇದರಂತೆ ತಯಾರಿಸುತ್ತಿದ್ದೇವೆ’ ಎಂದು ಎರಡು ಸಾಲು ಬರೆದಿದ್ದರೆ ಈ ಪರಿಸ್ಥಿತಿ ಬರುತ್ತಿರಲಿಲ್ಲ.

ಉದ್ರಿ, ಬಾಕಿ ಮತ್ತು 45 ದಿನಗಳು

ನಮ್ಮ ಸಣ್ಣ ಉತ್ಪಾದಕರ ಪಾಲಿಗೆ ಅತ್ಯಂತ ಮಹತ್ವದ ಭಾಗ ಇದು. ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ, 2006ರ ಕಲಂ 15ರಂತೆ, ಸೂಕ್ಷ್ಮ ಅಥವಾ ಸಣ್ಣ ಘಟಕದಿಂದ ಸರಕು ಪಡೆದ ಖರೀದಿದಾರನು ಲಿಖಿತ ಒಪ್ಪಂದವಿದ್ದರೆ ಅದರಲ್ಲಿ ಹೇಳಿದ ದಿನದೊಳಗೆ ಹಣ ಪಾವತಿಸಬೇಕು. ಆದರೆ ಆ ಅವಧಿ 45 ದಿನಗಳನ್ನು ಮೀರುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನಗಳ ಗಡುವು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ಅದೂ ಮಾಸಿಕ ಲೆಕ್ಕದಲ್ಲಿ. ಇದಲ್ಲದೆ 2023ರ ಹಣಕಾಸು ಕಾಯ್ದೆಯು ಆದಾಯ ತೆರಿಗೆ ಕಾಯ್ದೆಯ ಕಲಂ 43ಬಿಗೆ ಸೇರಿಸಿದ ಉಪಖಂಡದಿಂದಾಗಿ, 2024-25ರ ತೆರಿಗೆ ನಿರ್ಧರಣಾ ವರ್ಷದಿಂದ, ಗಡುವು ಮೀರಿದ ಇಂತಹ ಬಾಕಿಯನ್ನು ಖರೀದಿದಾರನು ವಾಸ್ತವವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ಖರ್ಚೆಂದು ತೋರಿಸಬಹುದಾಗಿದೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲೂ ಈ ತತ್ತ್ವ ಮುಂದುವರಿದಿದೆ. (ಸಗಟು ಹಾಗೂ ಚಿಲ್ಲರೆ ವರ್ತಕರಿಗೆ 2021ರ ಜುಲೈನಿಂದ ಉದ್ಯಮ್ ನೋಂದಣಿಗೆ ಅವಕಾಶವಾಯಿತಾದರೂ ಅದು ಆದ್ಯತಾ ವಲಯದ ಸಾಲಕ್ಕಷ್ಟೇ ಸೀಮಿತ, ವಿಳಂಬ ಪಾವತಿಯ ರಕ್ಷಣೆ ಅವರಿಗೆ ಅದರಿಂದ ಸಿಗುವುದಿಲ್ಲ.)

ಇಲ್ಲಿ ಸಂದೇಶದ ಪಾತ್ರವೇನು? ಈ ದಿನಗಳ ಎಣಿಕೆ ಆರಂಭವಾಗುವುದು ಸರಕು ‘ಸ್ವೀಕೃತ’ವಾದ ದಿನದಿಂದ. ಸಾಮಾನ್ಯವಾಗಿ ಸರಕು ತಲುಪಿದ ದಿನವೇ ಸ್ವೀಕೃತಿಯ ದಿನ. ಆದರೆ ತಲುಪಿದ 15 ದಿನಗಳೊಳಗೆ ಖರೀದಿದಾರನು ಲಿಖಿತವಾಗಿ ಆಕ್ಷೇಪವೆತ್ತಿದರೆ, ಆ ಆಕ್ಷೇಪವನ್ನು ಪೂರೈಕೆದಾರನು ನಿವಾರಿಸಿದ ದಿನವೇ ಸ್ವೀಕೃತಿಯ ದಿನವಾಗುತ್ತದೆ. ಮೇಲೆ ಹೇಳಿದ ಕಲಂ 4ನ್ನು ಇದರೊಡನೆ ಓದಿದಾಗ, ಹತ್ತನೆಯ ದಿನ ಬಂದ ‘ಬಣ್ಣ ಸರಿಯಿಲ್ಲ’ ಎಂಬ ಒಂದು ವಾಟ್ಸ್‌ಆ್ಯಪ್ ಸಾಲು ಲಿಖಿತ ಆಕ್ಷೇಪವಲ್ಲವೆಂದು ವಾದಿಸುವುದು ಕಷ್ಟ. ಅದಕ್ಕೆ ಉತ್ತರಿಸದೆ, ಮಾಲು ಬದಲಿಸಿಕೊಟ್ಟು, ಬದಲಿಸಿದ್ದನ್ನು ಎಲ್ಲಿಯೂ ಬರೆಯದೆ ಇದ್ದರೆ ಎಣಿಕೆ ಎಂದು ಆರಂಭವಾಯಿತು ಎಂಬುದೇ ವಿವಾದವಾಗುತ್ತದೆ. ಇನ್ನೊಂದೆಡೆ, ಆದೇಶವನ್ನು ಫೋನಿನಲ್ಲೇ ಪಡೆದು ಮಾಲು ಕಳುಹಿಸಿದವರು ಸೌಲಭ್ಯ ಮಂಡಳಿಯ ಮುಂದೆ ಹೋದಾಗ ಅಲ್ಲಿ ಮೊದಲು ಕೇಳುವುದು ಖರೀದಿ ಆದೇಶ ಹಾಗೂ ಇನ್‌ವಾಯ್ಸ್‌ಗಳ ಪ್ರತಿಯನ್ನೇ. ಇನ್‌ವಾಯ್ಸ್ ಎಲ್ಲರ ಬಳಿಯೂ ಇರುತ್ತದೆ. ಆದೇಶ ಇರುವುದಿಲ್ಲ.

ಹಳೆಯ ಬಾಕಿಯ ವಿಷಯದಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನ ಒಂದು ತೀರ್ಪು ವರ್ತಕರಿಗೆ ನೆರವಾಗುವಂಥದು. ಸರಕಿನ ಬೆಲೆ ವಸೂಲಿಗೆ ದಾವೆ ಹೂಡಲು ಮೂರು ವರ್ಷಗಳ ಕಾಲಮಿತಿ ಇದೆ. ಆ ಅವಧಿ ಮುಗಿಯುವ ಮೊದಲು ಸಾಲಗಾರನು ಬಾಕಿಯನ್ನು ಬರಹದಲ್ಲಿ, ಸಹಿಯೊಡನೆ ಒಪ್ಪಿಕೊಂಡರೆ ಅಲ್ಲಿಂದ ಹೊಸ ಅವಧಿ ಆರಂಭವಾಗುತ್ತದೆ. 2013ರ ಸುದರ್ಶನ್ ಕಾರ್ಗೋ ಪ್ರಕರಣದಲ್ಲಿ, ಇ-ಮೇಲ್ ಮೂಲಕ ಬಾಕಿಯನ್ನು ಒಪ್ಪಿಕೊಂಡದ್ದೂ ಕಾಲಮಿತಿ ಕಾಯ್ದೆಯ ಕಲಂ 18ರ ಅಡಿಯಲ್ಲಿ ಸಿಂಧುವಾದ ಒಪ್ಪಿಗೆಯೇ ಎಂದು ನ್ಯಾಯಾಲಯ ಹೇಳಿತು. ಹೀಗಾಗಿ ‘ಮುಂದಿನ ತಿಂಗಳು ಕ್ಲಿಯರ್ ಮಾಡುತ್ತೇನೆ’ ಎಂಬ ಇ-ಮೇಲ್ ಕೊಡಬೇಕಾದವನಿಗೆ ತೊಡಕು, ಬರಬೇಕಾದವನಿಗೆ ಆಸರೆ. ಆದರೂ ಮಾರ್ಚ್ ಅಂತ್ಯದಲ್ಲಿ ನಾವು ಲೆಕ್ಕಪರಿಶೋಧಕರು ಕೇಳುವ, ಸಹಿ ಮಾಡಿದ ಬಾಕಿ ದೃಢೀಕರಣ ಪತ್ರವನ್ನು ಪಡೆಯುವುದು ಇಂದಿಗೂ ಸುರಕ್ಷಿತ. ಅದರ ಸ್ಕ್ಯಾನ್ ಪ್ರತಿ ಇ-ಮೇಲ್‌ನಲ್ಲಿ ಬಂದರೆ ಮತ್ತೂ ಒಳ್ಳೆಯದು.

ಬಾಕಿಯ ಮಾತು ಬಂದಾಗ ವಂಚನೆಯ ಒಂದು ಬಗೆಯನ್ನೂ ಹೇಳಬೇಕು. ಎಂದಿನ ಪೂರೈಕೆದಾರನ ಇ-ಮೇಲ್ ವಿಳಾಸದಲ್ಲಿ ಒಂದೇ ಅಕ್ಷರ ಬದಲಾದ ವಿಳಾಸದಿಂದ, ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಬಾರಿಯ ಹಣವನ್ನು ಹೊಸ ಖಾತೆಗೆ ಕಳುಹಿಸಿ’ ಎಂಬ ಪತ್ರ ಬರುತ್ತದೆ. ಇನ್‌ವಾಯ್ಸ್ ಸಂಖ್ಯೆ, ಮೊತ್ತ ಎಲ್ಲವೂ ಸರಿಯಾಗಿಯೇ ಇರುತ್ತವೆ, ಏಕೆಂದರೆ ವಂಚಕರು ಹಿಂದಿನ ಪತ್ರಗಳನ್ನು ಓದಿಕೊಂಡಿರುತ್ತಾರೆ. ಖಾತೆ ಬದಲಾವಣೆಯ ಪತ್ರ ಬಂದಾಗ, ಆ ಪತ್ರದಲ್ಲಿರುವ ಸಂಖ್ಯೆಗಲ್ಲ, ನಿಮ್ಮ ಬಳಿ ಮೊದಲಿನಿಂದ ಇರುವ ಸಂಖ್ಯೆಗೆ ಕರೆ ಮಾಡಿ ವಿಚಾರಿಸಿರಿ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930 ಸಹಾಯವಾಣಿಗೂ ನಿಮ್ಮ ಬ್ಯಾಂಕಿಗೂ ತಿಳಿಸಿರಿ.

ನೋಟಿಸು ಎಲ್ಲಿಗೆ ಬರುತ್ತದೆ?

ಸರ್ಕಾರವೂ ಈಗ ವರ್ತಕನೊಡನೆ ಮಾತನಾಡುವುದು ಅಂತರಜಾಲದ ಮೂಲಕವೇ. ಜಿಎಸ್‌ಟಿ ಕಾಯ್ದೆಯ ಕಲಂ 169ರಂತೆ, ನೋಂದಣಿಯಲ್ಲಿ ನೀಡಿದ ಇ-ಮೇಲ್ ವಿಳಾಸಕ್ಕೆ ಕಳುಹಿಸಿದ ಅಥವಾ ಪೋರ್ಟಲ್‌ನಲ್ಲಿ ಹಾಕಿದ ನೋಟಿಸೂ ಜಾರಿಯಾದ ನೋಟಿಸೇ. 2017ರಲ್ಲಿ ತರಾತುರಿಯಿಂದ ನೋಂದಣಿ ಮಾಡಿಸಿದ ಎಷ್ಟೋ ಸಣ್ಣ ವರ್ತಕರು ಆ ಜಾಗದಲ್ಲಿ ತಮಗೆ ಸಹಾಯ ಮಾಡಿದವರ ಇ-ಮೇಲ್ ಹಾಗೂ ಮೊಬೈಲ್ ಸಂಖ್ಯೆಯನ್ನೇ ಕೊಟ್ಟಿದ್ದರು. ಆ ನಂಟು ತಪ್ಪಿದ ಮೇಲೂ ನೋಟಿಸುಗಳು ಅಲ್ಲಿಗೇ ಹೋಗುತ್ತವೆ. ನಮ್ಮ ಕಚೇರಿಗೆ ಬಂದ ಒಬ್ಬ ಹಾರ್ಡ್‌ವೇರ್ ವರ್ತಕರಿಗೆ ತಮ್ಮ ಮೇಲೆ ತೆರಿಗೆ ಆದೇಶವಾಗಿರುವ ವಿಷಯ ತಿಳಿದದ್ದು ಬ್ಯಾಂಕ್ ಖಾತೆ ಜಪ್ತಿಯಾದ ದಿನ. ಆದೇಶ ತಿಳಿಸಲ್ಪಟ್ಟ ದಿನದಿಂದ ಮೇಲ್ಮನವಿಗೆ ಮೂರು ತಿಂಗಳು, ಸಕಾರಣವಿದ್ದರೆ ಮತ್ತೊಂದು ತಿಂಗಳು. ಅವರ ವಿಷಯದಲ್ಲಿ ಅವೆರಡೂ ಮುಗಿದಿದ್ದವು. ಹೈಕೋರ್ಟಿಗೆ ರಿಟ್ ಅರ್ಜಿ ಸಲ್ಲಿಸುವುದೊಂದೇ ದಾರಿಯಾಗಿತ್ತು. ಈ ಲೇಖನ ಓದುವ ಸದಸ್ಯರು ಬೇರೇನನ್ನು ಮಾಡದಿದ್ದರೂ ತಮ್ಮ ನೋಂದಣಿಯಲ್ಲಿ ಯಾರ ಇ-ಮೇಲ್ ಇದೆ ಎಂಬುದನ್ನು ಈ ವಾರವೇ ನೋಡಿಕೊಳ್ಳಲಿ ಎಂದು ವಿನಂತಿ.

ಖಾಸಗಿ ವ್ಯವಹಾರದಲ್ಲೂ ವಿಳಾಸಕ್ಕೆ ಮಹತ್ವವಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 13ರ ಪ್ರಕಾರ, ನೀವು ‘ಈ ವಿಳಾಸಕ್ಕೆ ಕಳುಹಿಸಿ’ ಎಂದು ಸೂಚಿಸಿದ್ದರೆ ಪತ್ರ ಅಲ್ಲಿಗೆ ಸೇರಿದ ಕ್ಷಣವೇ ನಿಮಗೆ ತಲುಪಿದಂತೆ; ನೀವು ಓದಿದಿರೋ ಇಲ್ಲವೋ ಎಂಬುದು ಮುಖ್ಯವಲ್ಲ. ಸೂಚಿಸಿದ ವಿಳಾಸವನ್ನು ಬಿಟ್ಟು ಬೇರೆಡೆಗೆ ಕಳುಹಿಸಿದರೆ, ನೀವು ಅದನ್ನು ತೆರೆದು ಪಡೆದಾಗ ಮಾತ್ರ ತಲುಪಿದಂತೆ. ಆದ್ದರಿಂದ ಇನ್‌ವಾಯ್ಸ್, ಲೆಟರ್‌ಹೆಡ್ ಹಾಗೂ ಕೊಟೇಶನ್‌ಗಳ ಮೇಲೆ ಆದೇಶಗಳಿಗೂ ದೂರುಗಳಿಗೂ ಒಂದೇ ಇ-ಮೇಲ್ ವಿಳಾಸವನ್ನು ಮುದ್ರಿಸಿ, ಅದನ್ನು ಪ್ರತಿದಿನ ನೋಡುವ ಹೊಣೆಯನ್ನು ಒಬ್ಬರಿಗೆ ವಹಿಸುವುದು ಸೂಕ್ತ.

ಫೇಸ್‌ಬುಕ್, ಇನ್‌ಸ್ಟಾಗ್ರಾಂ ಹಾಗೂ ಗೂಗಲ್ ನಕ್ಷೆಯ ಮೇಲಿನ ಗ್ರಾಹಕರ ಅಭಿಪ್ರಾಯಗಳ ಬಗ್ಗೆ ಎರಡೇ ಮಾತು. ಅಲ್ಲಿ ಸಿಟ್ಟಿನಲ್ಲಿ ಬರೆದ ಉತ್ತರವನ್ನು ದೂರುದಾರನೊಬ್ಬನೇ ಅಲ್ಲ, ನಾಳೆಯ ಗ್ರಾಹಕರೆಲ್ಲರೂ ಓದುತ್ತಾರೆ. ‘ಆ ಲಾಟಿನಲ್ಲಿ ದೋಷವಿತ್ತು’ ಎಂಬ ಬಹಿರಂಗ ಸಮಾಧಾನವೂ ಒಂದು ಒಪ್ಪಿಗೆಯೇ. ದೂರು ತಲುಪಿತೆಂದು ಬಹಿರಂಗವಾಗಿ ತಿಳಿಸಿ, ಉಳಿದ ಮಾತನ್ನು ಇ-ಮೇಲ್‌ನಲ್ಲಿ ಮುಂದುವರಿಸುವುದು ಮೇಲು. ಆನ್‌ಲೈನ್ ಮಾರಾಟ ತಾಣಗಳ ಮೂಲಕ ಮಾರುವವರಿಗೆ 2020ರ ಇ-ಕಾಮರ್ಸ್ ನಿಯಮಗಳು ಅನ್ವಯಿಸುತ್ತವೆ: ದೂರು ಬಂದ 48 ಗಂಟೆಗಳಲ್ಲಿ ಸ್ವೀಕೃತಿ, ಒಂದು ತಿಂಗಳಲ್ಲಿ ಪರಿಹಾರ.

ಸಂದೇಶವನ್ನು ಉಳಿಸಿಕೊಳ್ಳುವುದು

ಕಡತದಲ್ಲಿದ್ದ ಕಾರ್ಬನ್ ಪ್ರತಿ ತಾನಾಗಿ ಅಳಿಸಿಹೋಗುತ್ತಿರಲಿಲ್ಲ. ವಾಟ್ಸ್‌ಆ್ಯಪ್ ಸಂದೇಶಗಳು 24 ಗಂಟೆ, 7 ದಿನ ಅಥವಾ 90 ದಿನಗಳಲ್ಲಿ ತಾವಾಗಿ ಮಾಯವಾಗುವ ಸೌಲಭ್ಯ 2020ರ ಕೊನೆಯಲ್ಲಿ ಆರಂಭವಾಗಿ ಈಗ ವಿಸ್ತಾರಗೊಂಡಿದೆ. ಕಳುಹಿಸಿದ ಸಂದೇಶವನ್ನು 15 ನಿಮಿಷಗಳೊಳಗೆ ತಿದ್ದುವ ಸೌಲಭ್ಯ 2023ರಲ್ಲಿ ಬಂದಿದೆ. ವ್ಯವಹಾರದ ಸಂಭಾಷಣೆಗಳಲ್ಲಿ ಮಾಯವಾಗುವ ಸೌಲಭ್ಯವನ್ನು ಯಾರಾದರೂ ಚಾಲೂ ಮಾಡಿದ್ದಾರೆಯೇ ಎಂದು ಪರಿಶೀಲಿಸಿರಿ. ಇದಕ್ಕಿಂತ ಸಾಮಾನ್ಯವಾದ ನಷ್ಟ ಬೇರೆಯದು: ಶುಭೋದಯದ ಚಿತ್ರಗಳಿಂದ ಮೊಬೈಲ್ ತುಂಬಿಹೋಯಿತೆಂದು ಜಾಗ ಖಾಲಿ ಮಾಡಲು ಹೊರಟವರು ಗುಲಾಬಿ ಹೂವಿನ ಜೊತೆಗೆ ಆದೇಶಗಳನ್ನೂ ಅಳಿಸಿಬಿಡುತ್ತಾರೆ.

ಉಳಿಸಿಕೊಂಡದ್ದನ್ನು ನ್ಯಾಯಾಲಯಕ್ಕೆ ಕೊಡುವ ಕ್ರಮವೂ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರಂತೆ ವಿದ್ಯುನ್ಮಾನ ದಾಖಲೆಯ ಪ್ರತಿಯೊಡನೆ ಪ್ರಮಾಣಪತ್ರ ಸಲ್ಲಿಸಬೇಕು. ಅದರ ಮೊದಲ ಭಾಗವನ್ನು ದಾಖಲೆ ಹಾಜರುಪಡಿಸುವವರು, ಎರಡನೆಯ ಭಾಗವನ್ನು ತಜ್ಞರು ತುಂಬಬೇಕು. ಕಡತದ ಬೆರಳಚ್ಚಿನಂತಿರುವ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ಹಿಂದಿನ ಸಾಕ್ಷ್ಯ ಕಾಯ್ದೆಯ ಅಡಿಯಲ್ಲಿ ಸುಪ್ರೀಂ ಕೋರ್ಟ್ 2020ರ ಅರ್ಜುನ್ ಪಂಡಿತ್‌ರಾವ್ ತೀರ್ಪಿನಲ್ಲಿ, ಮೂಲ ಸಾಧನವನ್ನೇ ಅದರ ಒಡೆಯನು ಹಾಜರುಪಡಿಸಿದರೆ ಪ್ರಮಾಣಪತ್ರ ಬೇಕಿಲ್ಲ, ಪ್ರತಿಯನ್ನು ಕೊಟ್ಟರೆ ಬೇಕೇ ಬೇಕು ಎಂದು ಹೇಳಿತ್ತು. ಆದ್ದರಿಂದ ಸ್ಕ್ರೀನ್‌ಶಾಟಿನ ಮುದ್ರಿತ ಹಾಳೆಯೊಂದನ್ನೇ ಹಿಡಿದು ವಕೀಲರ ಬಳಿ ಹೋದರೆ ಸಾಲದು. ವಿವಾದದ ಸೂಚನೆ ಕಂಡ ಕೂಡಲೇ ಮೂಲ ಮೊಬೈಲನ್ನು ಎಕ್ಸ್‌ಚೇಂಜ್‌ಗೆ ಕೊಡದೆ ತೆಗೆದಿರಿಸಬೇಕು.

ಸಂಸ್ಥೆಯ ಹೆಸರಿನಲ್ಲಿ ಒಂದು ಪ್ರತ್ಯೇಕ ಸಂಖ್ಯೆ ಇರಲಿ. ನೌಕರರ ಸ್ವಂತ ಸಂಖ್ಯೆಗಳಲ್ಲಿ ಆದೇಶ ಸ್ವೀಕರಿಸುವುದು ನಿಲ್ಲಲಿ. ಸಂಜೆ ಅಂಗಡಿ ಮುಚ್ಚುವ ಮುನ್ನ ಆ ದಿನದ ಆದೇಶಗಳಿಗೆ ಕ್ರಮಸಂಖ್ಯೆ ಕೊಟ್ಟು, ಪರಿಮಾಣ, ದರ, ಪಾವತಿಯ ದಿನಗಳನ್ನು ನಮೂದಿಸಿ, ಗ್ರಾಹಕರಿಗೆ ಇ-ಮೇಲ್‌ನಲ್ಲಿ ದೃಢೀಕರಣ ಕಳುಹಿಸಲು ಒಬ್ಬ ಗುಮಾಸ್ತರಿಗೆ ಅರ್ಧ ಗಂಟೆ ಸಾಕು. ತಿಂಗಳಿಗೊಮ್ಮೆ ಮುಖ್ಯ ಗ್ರಾಹಕರೊಡನೆ ನಡೆದ ಸಂಭಾಷಣೆಯನ್ನು ‘ಎಕ್ಸ್‌ಪೋರ್ಟ್ ಚಾಟ್’ ಮೂಲಕ ಹೊರತೆಗೆದು ಕಚೇರಿಯ ಗಣಕಯಂತ್ರದಲ್ಲಿ ಗ್ರಾಹಕರ ಹೆಸರಿನ ಕಡತಕ್ಕೆ ಸೇರಿಸಬೇಕು. ಜಿಎಸ್‌ಟಿ ಕಾಯ್ದೆಯ ಕಲಂ 36ರಂತೆ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಪಟ್ಟಿ ಸಲ್ಲಿಕೆಯ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕಾಗಿದ್ದು, ಆ ಲೆಕ್ಕಗಳಿಗೆ ಆಧಾರವಾದ ಸಂದೇಶಗಳನ್ನೂ ಅಷ್ಟೇ ಕಾಲ ಇರಿಸಿಕೊಳ್ಳುವುದು ಲೇಸು. 2024-25ನೆಯ ಸಾಲಿಗೆ ಕಾಯ್ದೆಯಂತೆ ಆ ದಿನ 2025ರ ಡಿಸೆಂಬರ್ 31. ಅಲ್ಲಿಂದ 72 ತಿಂಗಳೆಂದರೆ 2031ರ ಡಿಸೆಂಬರ್ ಅಂತ್ಯ. ಅಷ್ಟು ಕಾಲ ಒಂದೇ ಮೊಬೈಲನ್ನು ಬಳಸುವ ಸದಸ್ಯರು ನಮ್ಮಲ್ಲಿ ವಿರಳ.